ಹೆಪಟೈಟಿಸ್ ಬಿ ಮಾತ್ರೆ: ಎಚ್ಚರ ಬೇಕು, ಬಿಡಬೇಕಿಲ್ಲ

ಹೋದ ತಿಂಗಳು ನಾಗಮಂಗಲದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. "ಮಗಾ, ಈ ಹೆಪಟೈಟಿಸ್ ಮಾತ್ರೆ ಮೈಯಾಗಿನ ಶಕ್ತೀನೇ ತಿಂದಾಕ್ತದಂತೆ. ಮೊಬೈಲಲ್ಲಿ ಬಂದದೆ. ಬುಟ್ಬುಡ್ಲಾ?"

ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯನಲ್ಲ. "ಡಾಕ್ಟರ್ ಕೇಳೋವರೆಗೂ ಒಂದಿನಾನೂ ಬುಡ್ಬೇಡ ಚಿಕ್ಕಪ್ಪ" ಅಂದು ಓದಲು ಕೂತೆ. ಆ ಮೆಸೇಜ್ ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಅಪಾಯ ಇರುವುದೇ ಅಲ್ಲಿ.

ವೈರಸ್ ತನ್ನ ಡಿಎನ್ಎಯನ್ನು ಸೈಕಲ್ ಚೈನಿನಂತೆ ಕೊಂಡಿಗೆ ಕೊಂಡಿ ಸೇರಿಸಿ ನಕಲು ಮಾಡುತ್ತದೆ. ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ನೋಡಲು ಅಸಲಿಯಂತಿರುವ ನಕಲಿ ಕೊಂಡಿಗಳು. ಅವು ಸೇರಿದರೆ ಚೈನ್ ಮುಂದೆ ಬೆಳೆಯುವುದಿಲ್ಲ.

ತೊಂದರೆ ಏನೆಂದರೆ, ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೂ ಸ್ವಂತ ಡಿಎನ್ಎ ಇದೆ. ಅದನ್ನು ನಕಲು ಮಾಡುವ ಕಿಣ್ವವೂ ಕೆಲವೊಮ್ಮೆ ಈ ನಕಲಿ ಕೊಂಡಿಗೆ ಮೋಸಹೋಗುತ್ತದೆ. ಆಗ ಸ್ನಾಯು ಸೋಲುತ್ತದೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ.

ಇದರ ಭೀಕರ ರೂಪ ಕಂಡಿದ್ದು 1993ರಲ್ಲಿ, ಅಮೆರಿಕದಲ್ಲಿ. ಫಿಯಾಲುರಿಡಿನ್ ಎಂಬ ಔಷಧದ ಪ್ರಯೋಗದಲ್ಲಿದ್ದ 15 ರೋಗಿಗಳ ಪೈಕಿ 7 ಮಂದಿಯ ಯಕೃತ್ತು ಕುಸಿಯಿತು. 5 ಮಂದಿ ತೀರಿಕೊಂಡರು, ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ಆ ಔಷಧ ಮಾರುಕಟ್ಟೆಗೆ ಬರಲೇ ಇಲ್ಲ. ನಂತರ ಬಂದ ಟೆಲ್ಬಿವುಡಿನ್ ಕೂಡ ಕೆಲವರಲ್ಲಿ ಸ್ನಾಯು ನೋವು, ದೌರ್ಬಲ್ಯ ತಂದಿತು.

ಇವತ್ತಿನ ಎಂಟೆಕಾವಿರ್, ಟೆನೊಫೊವಿರ್ ಆ ಕಿಣ್ವವನ್ನು ತೀರಾ ಕಡಿಮೆ ಮೋಸಗೊಳಿಸುತ್ತವೆ. ಲ್ಯಾಕ್ಟಿಕ್ ಆಮ್ಲದ ತೊಂದರೆ ಅಪರೂಪ. ಯಕೃತ್ತು ಆಗಲೇ ತುಂಬಾ ಕೆಟ್ಟವರಲ್ಲಿ ಅಪಾಯ ಹೆಚ್ಚು. ಟೆನೊಫೊವಿರ್‌ನ ಹಳೆಯ ರೂಪವಾದ ಟಿಡಿಎಫ್ ಮೂತ್ರಪಿಂಡದ ಸಣ್ಣ ನಳಿಕೆಗಳ ಕೋಶಗಳಲ್ಲಿ ಸೇರಿಕೊಂಡು ಅಲ್ಲಿನ ಮೈಟೊಕಾಂಡ್ರಿಯಾಗಳಿಗೆ ಪೆಟ್ಟು ಕೊಡಬಹುದು.

ನಮ್ಮ ಕಡೆ ಎಚ್ಚರ ಬೇಕಿರುವುದು ಇಲ್ಲೇ. ಶ್ರೀರಂಗಪಟ್ಟಣ, ಪಾಂಡವಪುರದ ಕಬ್ಬಿನ ಗದ್ದೆಯಾಗಲಿ, ಕೆ.ಆರ್. ಪೇಟೆ, ನಾಗಮಂಗಲದ ರಾಗಿ ಹೊಲವಾಗಲಿ, ದುಡಿದು ಮೈಕೈ ನೊಂದರೆ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ನುಂಗುತ್ತೇವೆ. ಡೈಕ್ಲೊಫೆನಾಕ್‌ನಂಥ ಮಾತ್ರೆ ಮತ್ತು ಟಿಡಿಎಫ್ ಜೊತೆಯಾದರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಏಟು. ಇನ್ನೊಂದು, ದುಡಿಮೆಯ ನೋವು ಯಾವುದು, ಔಷಧದ ನೋವು ಯಾವುದು ಎಂದು ನಮಗೇ ತಿಳಿಯುವುದಿಲ್ಲ. ದಿನಗಟ್ಟಲೆ ಹೋಗದ ಸ್ನಾಯು ನೋವು, ವಾಂತಿ, ವಿಪರೀತ ಸುಸ್ತು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗಂತ ಮಾತ್ರೆ ಬಿಟ್ಟರೆ? ಅದುಮಿಟ್ಟ ವೈರಸ್ ಮತ್ತೆ ಏಳುತ್ತದೆ. ಕೆಲವರಲ್ಲಿ ಯಕೃತ್ತೇ ಕೈಕೊಟ್ಟು ಜೀವಕ್ಕೆ ಬರುತ್ತದೆ. ಕಾಮಾಲೆಗೆ ಸೊಪ್ಪಿನ ಔಷಧಿ ನಂಬಿ ಮಾತ್ರೆ ನಿಲ್ಲಿಸುವವರು ಎದುರು ಹಾಕಿಕೊಳ್ಳುವುದು ಈ ಅಪಾಯವನ್ನೇ. ಅಪರೂಪದ ಅಡ್ಡಪರಿಣಾಮಕ್ಕಿಂತ ಇದು ದೊಡ್ಡದು.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧ ಉಚಿತ. ಆದರೆ ಮಾತ್ರೆ ಕೈಗಿಟ್ಟರಷ್ಟೇ ಸಾಲದು. ಕ್ರಿಯಾಟಿನಿನ್ ಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ನಿಯಮಿತವಾಗಿ ಆಗಬೇಕು, ನಮ್ಮ ಭಾಷೆಯಲ್ಲಿ ಕೂತು ವಿವರಿಸುವವರೂ ಬೇಕು. ಆ ಜಾಗ ಖಾಲಿ ಬಿಟ್ಟರೆ ವಾಟ್ಸಾಪ್ ಬಂದು ಕೂರುತ್ತದೆ.

ಚಿಕ್ಕಪ್ಪ ಮಾತ್ರೆ ಬಿಟ್ಟಿಲ್ಲ. ಮಂಡಿನೋವಿಗೆ ನುಂಗುತ್ತಿದ್ದ ಇನ್ನೊಂದು ಮಾತ್ರೆಯ ವಿಷಯ ಮಾತ್ರ ಡಾಕ್ಟರಿಗೆ ಹೇಳಿರಲಿಲ್ಲ. ಈಗ ಹೇಳಿದ್ದಾರೆ.