ಫೋಟೋದೊಳಗಿನ ಗುಟ್ಟು ಸಹಿ ವಾಟ್ಸ್ಆಪ್ ದಾಟುತ್ತಾ?

ಮಾಟುಂಗದಲ್ಲಿ ಯಕ್ಷಗಾನ ನೋಡೋಕೆ ಹೋದಾಗ ಒಂದು ಫೋಟೋ ತೆಗೆದಿದ್ದೆ, ಮೂಲೆಯಲ್ಲಿ ನನ್ನ ಹೆಸರೂ ಹಾಕಿದ್ದೆ. ಮೂರು ವಾರ ಬಿಟ್ಟು ನೋಡಿದರೆ ಅದೇ ಫೋಟೋ ಬೇರೆ ಯಾರದೋ ಪೋಸ್ಟರ್‌ನಲ್ಲಿ! ಹೆಸರಿದ್ದ ಮೂಲೆ ಮಾತ್ರ ಕಟ್. ಕೇಳಿದರೆ, "ನಿಮ್ಮದು ಅನ್ನೋಕೆ ಪುರಾವೆ ಏನು ಸರ್?"

ಸರಿ, ಇನ್ನು ಮುಂದೆ ಪುರಾವೆಯನ್ನು ಫೋಟೋದೊಳಗೇ ಬಚ್ಚಿಡೋಣ ಅಂತ ಕೂತೆ. ಪಿಕ್ಸೆಲ್‌ನ ಪ್ರತಿ ಬಣ್ಣ 0ಯಿಂದ 255ರವರೆಗಿನ ಒಂದು ಸಂಖ್ಯೆ ಅಷ್ಟೇ. 200 ಇದ್ದದ್ದು 201 ಆದರೆ ಕಣ್ಣಿಗೆ ಗೊತ್ತಾಗಲ್ಲ. ಆ ಕೊನೇ ಬಿಟ್‌ಗಳಲ್ಲಿ ಹೆಸರು ಬರೆದೆ. ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಬಿಡದೆ ವಾಪಸ್ ಬಂತು. ಹೆಂಡತಿಗೆ ವಾಟ್ಸ್ಆಪ್ ಮಾಡಿ, ಅವಳ ಫೋನಿಂದ ತಗೊಂಡು ತೆರೆದರೆ ಬರೀ ಕಸ. ಯಾಕೆ ಅಂದ್ರೆ, ಜೆಪೆಗ್ ಚಿತ್ರವನ್ನು 8×8 ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ನಿಧಾನದ ಏರಿಳಿತ, ವೇಗದ ಏರಿಳಿತ ಅಂತ 64 ಅಂಕಿಗಳಾಗಿ ಬಿಡಿಸಿ, ಅವನ್ನು ಒರಟಾಗಿ ದುಂಡು ಮಾಡುತ್ತೆ. ಕಣ್ಣಿಗೆ ಕಾಣದ್ದನ್ನು ಎಸೆಯೋದೇ ಅದರ ಕೆಲಸ. ನಾನು ಬಚ್ಚಿಟ್ಟಿದ್ದೂ ಅಲ್ಲೇ!

1997ರಲ್ಲಿ ಇಂಗೆಮಾರ್ ಕಾಕ್ಸ್ ಮತ್ತು ಸಂಗಡಿಗರು ಇದನ್ನು ಉಲ್ಟಾ ಮಾಡಿದರು: ಯಾರೂ ಎಸೆಯಲಾರದ ಜಾಗದಲ್ಲೇ ಇಡಿ. ಇಡೀ ಚಿತ್ರದ ಅತಿ ದೊಡ್ಡ ಸಾವಿರ ಏರಿಳಿತಗಳನ್ನು ಆರಿಸಿ, ಒಂದು ಗುಟ್ಟು ಸರಣಿಯ ಪ್ರಕಾರ ಒಂದೊಂದನ್ನೂ ಚೂರು ಚೂರು ಅಲುಗಿಸಿದರು. ಸಂಜೆ ಏಳಕ್ಕೆ ದಾದರ್ ಸ್ಟೇಷನ್‌ನಲ್ಲಿ ಒಬ್ಬ ಪಿಸುಗುಟ್ಟಿದರೆ ಕೇಳಲ್ಲ. ಸಾವಿರ ಜನ ಒಂದೇ ತಾಳಕ್ಕೆ ಪಿಸುಗುಟ್ಟಿದರೆ, ತಾಳ ಗೊತ್ತಿದ್ದವನಿಗೆ ಕೇಳುತ್ತೆ. ನೂರು ಜನ ಸುಮ್ಮನಾದರೂ ಪರವಾಗಿಲ್ಲ. ಒಂದೇ ಷರತ್ತು, ಈ ವಿಧಾನಕ್ಕೆ ಹೋಲಿಸಿ ನೋಡೋಕೆ ಮೂಲ ಫೋಟೋ ನಿಮ್ಮ ಹತ್ತಿರ ಇರಬೇಕು.

ನಮ್ಮ ಮುಂಬೈಯ ಸಿನಿಮಾದವರಿಗೆ ಇದು ಹೊಟ್ಟೆಪಾಡು. 2016ರ ಜೂನ್‌ನಲ್ಲಿ 'ಉಡ್ತಾ ಪಂಜಾಬ್' ಬಿಡುಗಡೆಗೆ ಎರಡು ದಿನ ಮುಂಚೆ ಸೋರಿತಲ್ಲ, ಆ ಪ್ರತಿಯಲ್ಲಿ 'ಫಾರ್ ಸೆನ್ಸಾರ್' ಅನ್ನೋ ಮುದ್ರೆ ಕಣ್ಣಿಗೇ ಕಾಣ್ತಿತ್ತು. ಥಿಯೇಟರ್‌ಗಳಿಗೆ ಹಾಲಿವುಡ್ ಸ್ಟುಡಿಯೋಗಳು ಮಾಡಿದ ಡಿಸಿಐ ಮಾನದಂಡದಲ್ಲಿ ಮುದ್ರೆ ಕಾಣಲ್ಲ: ಒಟ್ಟು 35 ಬಿಟ್, 16 ಸಮಯಕ್ಕೆ, 19 ಜಾಗ ಅಥವಾ ಯಂತ್ರದ ಗುರುತಿಗೆ. ಪ್ರತಿ ಐದು ನಿಮಿಷದ ತುಣುಕಿನಲ್ಲೂ ಅಷ್ಟೂ ಇರಬೇಕು. ಯಾರಾದರೂ ಪರದೆಗೆ ಮೊಬೈಲ್ ಹಿಡಿದು ಕದ್ದರೂ ಯಾವ ಹಾಲ್, ಯಾವ ಶೋ ಅಂತ ಹುಡುಕಬಹುದು.

ನನ್ನ ಪೋಸ್ಟರ್ ಕಥೆ? ಆ ಫೋಟೋದಲ್ಲಿ ಗುಟ್ಟು ಸಹಿ ಇರಲೇ ಇಲ್ಲವಲ್ಲ. ಕತ್ತರಿಸದ ರಾ ಫೈಲ್ ತೋರಿಸಿದೆ. ಮಾತಾಡದೆ ಹೆಸರು ಹಾಕಿದರು, ಕಾಗುಣಿತ ತಪ್ಪಾಗಿ. ಕೋಡ್ ಮುಂದಿನ ವಿಡಿಯೋದಲ್ಲಿ ಬರೆಯೋಣ, ಪೈಥಾನ್ ಹಾಕಿಟ್ಟುಕೊಂಡಿರಿ.