ಮದ್ದಿಗೆ ಮೊದಲು ಅಳತೆ

ತುಂಗಭದ್ರೆಯ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಗಂಗಾವತಿಯ ಸೀಮೆಗೆ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಶ್ರೀರಾಮನಗರವು ಅಂಥದೊಂದು ಊರು. ಅಲ್ಲಿ ಬತ್ತದ ನಾಟಿ ಮಾಡುವ ಹೆಂಗಸೊಬ್ಬಳಿಗೆ ಐದು ದಿನಗಳಿಂದ ಜ್ವರ ಬಿಟ್ಟಿಲ್ಲವೆಂದು ಭಾವಿಸೋಣ. ಅದು ಡೆಂಗೆಯೋ, ವಿಷಮಶೀತವೋ? ಡೆಂಗೆಯು ವೈರಸಿನಿಂದ ಬರುವಂಥದು; ಅದಕ್ಕೆ ಪ್ರತಿಜೀವಕ, ಎಂದರೆ ಆಂಟಿಬಯೋಟಿಕ್, ನಾಟುವುದೇ ಇಲ್ಲ. ವಿಷಮಶೀತಕ್ಕಾದರೋ ಅದೇ ಪ್ರಾಣರಕ್ಷಕ.

ಯಾವುದಕ್ಕೂ ಇರಲೆಂದು ಮಾತ್ರೆ ಕೊಟ್ಟುಬಿಟ್ಟರೆ ನಷ್ಟವೇನೆಂದು ವಾಚಕರು ಕೇಳಬಹುದು. 1948ರಿಂದ ಕ್ಲೋರಾಂಫೆನಿಕಾಲ್ ವಿಷಮಶೀತಕ್ಕೆ ರಾಮಬಾಣವೆನಿಸಿತ್ತು. 1972ರಲ್ಲಿ ಕಲ್ಲಿಕೋಟೆಯಲ್ಲಿ ಕಾಣಿಸಿಕೊಂಡ ರೋಗಾಣುಗಳು ಅದಕ್ಕೆ ಜಗ್ಗಲಿಲ್ಲ. ಮುಂದೆ ಬಂದ ಸಿಪ್ರೊಫ್ಲಾಕ್ಸಾಸಿನ್ ಸಹ ನಮ್ಮ ದೇಶದ ವಿಷಮಶೀತದಲ್ಲಿ ಬಹುಮಟ್ಟಿಗೆ ಮೊಂಡಾಗಿದೆ. ಮದ್ದು ಬಿದ್ದಾಗಲೆಲ್ಲ ದುರ್ಬಲ ಜೀವಾಣುಗಳು ಸಾಯುತ್ತವೆ, ಗಟ್ಟಿಗವು ಉಳಿದು ವೃದ್ಧಿಯಾಗುತ್ತವೆ. ಒಂದು ಜಾತಿಯ ಜೀವಾಣುವು ತನ್ನ ಪ್ರತಿರೋಧವನ್ನು ಇನ್ನೊಂದು ಜಾತಿಗೆ ದಾಟಿಸಲೂ ಬಲ್ಲದು.

ಹೀಗಿರಲು ಮದ್ದನ್ನು ಹದವರಿತು ಬಳಸುವುದು ವೈದ್ಯನೊಬ್ಬನ ವಿದ್ಯೆಯಲ್ಲ. ಮೊದಲ ಕೆಲಸ ದಾದಿಯದು. ವಿಷಮಶೀತದ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕವೇಳೆ ಒಂದು ರೋಗಾಣುವೂ ಸಿಕ್ಕುವುದಿಲ್ಲ. ಎರಡು ಮಿಲಿಲೀಟರ್ ತೆಗೆದು ‘ಏನೂ ಇಲ್ಲ’ ಎಂದರೆ ಅದು ಪರೀಕ್ಷೆಯಲ್ಲ, ಅದೃಷ್ಟದಾಟ. ವಯಸ್ಕರಿಂದ ಎಂಟು ಹತ್ತು ಮಿಲಿಲೀಟರ್ ಆದರೂ ಬೇಕು, ಅದೂ ಮದ್ದಿನ ಮೊದಲ ಸರದಿಗೆ ಮುಂಚೆ. ರೋಗಿಯ ಸ್ಥಿತಿ ವಿಷಮವಾಗಿದ್ದರೆ ರಕ್ತ ತೆಗೆದೊಡನೆ ಮದ್ದು ಕೊಡತಕ್ಕದ್ದು, ಫಲಿತಾಂಶಕ್ಕಾಗಿ ಕಾಯುವಂತಿಲ್ಲ.

ಮುಂದಿನದು ಪ್ರಯೋಗಶಾಲೆಯ ಕೆಲಸ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದರ ಮೇಲೆ ತುಸು ಹೆಚ್ಚು ಮಮತೆ. ಅಗರ್ ಎಂಬ ಲೋಳೆಯ ತಟ್ಟೆಯ ಮೇಲೆ ರೋಗಾಣುಗಳನ್ನು ಸವರಿ, ಮದ್ದು ಹೀರಿಸಿದ ಕಾಗದದ ಬಿಲ್ಲೆಗಳನ್ನು ಇಡುವರು. ಮದ್ದು ವಿಸರಣೆಯಿಂದ ಸುತ್ತಲೂ ಹರಡುತ್ತದೆ. ಮರುದಿನ ಬಿಲ್ಲೆಯ ಸುತ್ತ ಜೀವಾಣು ಬೆಳೆಯದ ಉಂಗುರವೊಂದು ಕಾಣುತ್ತದೆ. ಅದರ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆದು, ಮದ್ದು ನಾಟುವುದೋ ಇಲ್ಲವೋ ಎಂದು ತೀರ್ಮಾನಿಸುವರು. ಅಗರಿನ ದಪ್ಪ ಸುಮಾರು 4 ಮಿಲಿಮೀಟರ್ ಇರಬೇಕು. ತೆಳುವಾದರೆ ಕೆಳಕ್ಕಿಳಿಯಲು ಎಡೆಯಿಲ್ಲದ ಮದ್ದು ಪಕ್ಕಕ್ಕೆ ಹೆಚ್ಚು ದೂರ ಹರಡಿ, ಉಂಗುರ ಹಿಗ್ಗಿ, ನಾಟದ ಮದ್ದು ನಾಟುವಂತೆ ತೋರುತ್ತದೆ. ರೋಗಾಣುಗಳನ್ನು ಅತಿಯಾಗಿ ಸವರಿದರೆ ಉಂಗುರ ಕುಗ್ಗಿ, ಒಳ್ಳೆಯ ಮದ್ದು ವ್ಯರ್ಥವೆನಿಸಿಕೊಳ್ಳುತ್ತದೆ. ಒಂದೆರಡು ಮಿಲಿಮೀಟರಿನ ತಪ್ಪಿಗೆ ದಂಡ ತೆರುವವಳು ಆ ನಾಟಿಯ ಹೆಂಗಸು!

ವರದಿ ಬಂದ ಮೇಲೆ ವೈದ್ಯನು ತಾನೇ ಬರೆದ ಚೀಟಿಯನ್ನು ತಿದ್ದಬೇಕು: ಮದ್ದನ್ನು ಬದಲಿಸಬೇಕು, ಬೇಡವಾದಲ್ಲಿ ನಿಲ್ಲಿಸಬೇಕು. ಪ್ರಾಯಶಃ ಎಲ್ಲಕ್ಕಿಂತ ಕಷ್ಟದ ಕುಶಲತೆ ಇದೇ. ಔಷಧದಂಗಡಿಯವನ ಪಾಲೂ ಉಂಟು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಂತೆ, ಅದರಲ್ಲಿ ಸೇರಿದ ಪ್ರತಿಜೀವಕಗಳನ್ನು ಮಾರುವಾಗ ವೈದ್ಯನ ಹೆಸರು, ರೋಗಿಯ ಹೆಸರು, ಮದ್ದಿನ ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು.

ಕೊನೆಯದಾಗಿ ಮಾತು. ‘ನಿನಗೆ ಈ ಮಾತ್ರೆ ಬೇಡವಮ್ಮ’ ಎಂದಷ್ಟೇ ಹೇಳಿದರೆ, ಒಂದು ದಿನದ ಕೂಲಿ ಬಿಟ್ಟು ಬಂದವಳು ಬರಿಗೈಯಲ್ಲಿ ಹೋದೆನೆಂದು ನೊಂದು ಬೇರೆ ಅಂಗಡಿಯನ್ನು ಹುಡುಕುವಳು. ಬೇಡವೇಕೆ, ಜ್ವರಕ್ಕೆ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು ಎಂಬುದನ್ನು ಅವಳ ನುಡಿಯಲ್ಲಿ ತಿಳಿಸಬೇಕು. ಶ್ರೀರಾಮನಗರದಲ್ಲಿ ಅದಕ್ಕೆ ಕನ್ನಡದೊಡನೆ ತೆಲುಗೂ ಬೇಕಾಗುತ್ತದೆ.