ಕಾರಿನ ಕಣ್ಣಿಗೆ ಬೀಳದ ಬೈಕು

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದ 1,68,491 ಜನರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರೆಂದು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿ ದಾಖಲಿಸಿದೆ. ಇದರ ಕಾರಣಗಳನ್ನು ಹುಡುಕುವಾಗ ಹೆಲ್ಮೆಟ್ ಇಲ್ಲದಿರುವುದು, ಸವಾರರ ಅತಿವೇಗ, ಹದಗೆಟ್ಟ ರಸ್ತೆ ಮುಂತಾದವು ಮತ್ತೆ ಮತ್ತೆ ಚರ್ಚೆಗೆ ಬರುತ್ತವೆಯಾದರೂ, ಕಾರಿನ ಚಾಲಕನ ಕಣ್ಣಿಗೆ ಬೈಕು ಯಾವಾಗ ಕಾಣುತ್ತದೆ, ಯಾವಾಗ ಕಾಣದೆ ಹೋಗುತ್ತದೆ ಎಂಬ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡವು ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬೈಕಿಗೂ ಇನ್ನೊಂದು ವಾಹನಕ್ಕೂ ಆದ ಡಿಕ್ಕಿಗಳಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಪ್ರಕರಣಗಳಲ್ಲಿ ಬೈಕಿಗೆ ಬಿಡಬೇಕಾದ ದಾರಿಯನ್ನು ಆ ಇನ್ನೊಂದು ವಾಹನದ ಚಾಲಕ ಬಿಟ್ಟಿರಲಿಲ್ಲ. ಬೈಕನ್ನು ಆತ ಗಮನಿಸಿಯೇ ಇರಲಿಲ್ಲ, ಇಲ್ಲವೇ ಗಮನಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಹೀಗೆ ಕಾಣದೆ ಹೋಗುವುದಕ್ಕೆ ಕಾರಿನ ರಚನೆಯೂ ಒಂದು ಕಾರಣ. ಮುಂದಿನ ಗಾಜಿನ ಎರಡು ಬದಿಗಳಲ್ಲಿ ಛಾವಣಿಯನ್ನು ಹೊತ್ತು ಓರೆಯಾಗಿ ನಿಂತಿರುವ ಕಂಬಗಳನ್ನು, ಕಾರು ಮಗುಚಿದಾಗ ಒಳಗಿನವರಿಗೆ ರಕ್ಷಣೆ ಸಿಗಲೆಂದು, ಈಚಿನ ಕಾರುಗಳಲ್ಲಿ ಸಾಕಷ್ಟು ದಪ್ಪವಾಗಿ ಮಾಡಲಾಗಿರುತ್ತದೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲಗಂಬ ಅವನ ಮುಖಕ್ಕೆ ಹತ್ತಿರವಿದ್ದು ಹೆಚ್ಚು ನೋಟವನ್ನು ಮುಚ್ಚುತ್ತದೆ. ಸ್ವಲ್ಪ ದೂರದಲ್ಲಿ ಬರುವ ಬೈಕು ಸವಾರನ ಸಮೇತ ಅದರ ಹಿಂದೆ ಅಡಗಬಲ್ಲದು, ಕಾರು ಮತ್ತು ಬೈಕು ಎರಡೂ ಚಲಿಸುತ್ತಿರುವಾಗ ಕೆಲವು ಸೆಕೆಂಡುಗಳವರೆಗೆ ಅಡಗಿಯೇ ಉಳಿಯಲೂಬಹುದು. ಇದಕ್ಕೆ ಪರಿಹಾರ ಸರಳವಾಗಿದ್ದು, ತಿರುಗುವ ಮುನ್ನ ಕತ್ತನ್ನಷ್ಟೇ ಹೊರಳಿಸದೆ ಮೈಯನ್ನೂ ತುಸು ಮುಂದಕ್ಕೆ ಬಾಗಿಸಿ ಕಂಬದ ಆಚೆ ನೋಡಿದರೆ ಮರೆಯಾದ ಜಾಗ ಬಯಲಾಗುತ್ತದೆ.

ಬೈಕು ಕಣ್ಣಿಗೆ ಬಿದ್ದ ಮೇಲೂ ಅದರ ದೂರ ಮತ್ತು ವೇಗದ ಅಂದಾಜು ತಪ್ಪುವ ಸಂಭವವಿದೆ. ಎದುರಿಗೆ ಬರುವ ವಾಹನ ಕಣ್ಣಿಗೆ ಎಷ್ಟು ಬೇಗ ಹಿಗ್ಗುತ್ತದೆ ಎಂಬುದನ್ನು ಹಿಡಿದೇ ಮನುಷ್ಯನ ಮಿದುಳು ಅದರ ವೇಗವನ್ನು ಊಹಿಸುವುದರಿಂದ, ಅಗಲ ಕಡಿಮೆಯಿರುವ ಬೈಕು ಲಾರಿಗಿಂತ ದೂರದಲ್ಲಿರುವಂತೆಯೂ ನಿಧಾನವಾಗಿ ಬರುತ್ತಿರುವಂತೆಯೂ ತೋರುತ್ತದೆ. ಕತ್ತಲಲ್ಲಿ ಕಾರಿನ ಎರಡು ದೀಪಗಳ ನಡುವಿನ ಅಂತರ ಹೆಚ್ಚುತ್ತಾ ಹೋಗಿ ಅದು ಹತ್ತಿರವಾಗುತ್ತಿರುವುದನ್ನು ತಿಳಿಸುತ್ತದೆ, ಬೈಕಿನ ಒಂಟಿ ದೀಪದಿಂದ ಅಂಥ ಸುಳಿವು ಸಿಗುವುದಿಲ್ಲ. ಬೆಂಗಳೂರಿನಂಥ ನಗರಗಳ ಡಿವೈಡರ್ ತೆರವುಗಳಲ್ಲಿ ಯೂ-ಟರ್ನ್ ಮಾಡುವ ಕಾರುಗಳ ವಿಚಾರದಲ್ಲಿ ಈ ತಪ್ಪು ಅಂದಾಜು ಪ್ರಾಣಾಂತಕವಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುವುದರಿಂದ 70 ಮೀಟರ್ ದೂರದಲ್ಲಿ ಕಂಡದ್ದು ಐದೇ ಸೆಕೆಂಡಿನಲ್ಲಿ ಎದುರಿಗಿರುತ್ತದೆ. ನಿಂತ ಕಾರು ಹೊರಟು, ಅರ್ಧ ತಿರುಗಿ, ಎದುರಿನ ರಸ್ತೆಗೆ ಅಡ್ಡಲಾಗಿ ಚಾಚಿಕೊಂಡಿರುವ ಹೊತ್ತೂ ಹೆಚ್ಚುಕಡಿಮೆ ಅದೇ. ಆದುದರಿಂದ ಅಂದಾಜಿನ ಬಗ್ಗೆ ಸಂದೇಹವಿದ್ದಾಗ ಹಿಂದಿನವರು ಎಷ್ಟೇ ಹಾರ್ನ್ ಹೊಡೆದರೂ ಬೈಕು ದಾಟಿಹೋಗುವವರೆಗೆ ಕಾಯುವುದೇ ಸರಿ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಎಂಜಿನ್ ಚಾಲೂ ಇರುವಷ್ಟೂ ಹೊತ್ತು ಉರಿಯುತ್ತಲೇ ಇರಬೇಕೆಂದು ನಿಯಮವಾದದ್ದು ಹಗಲಿನಲ್ಲೂ ಅವು ಎದ್ದು ಕಾಣಲೆಂದೇ. ದೀಪ ಆರಿಸಲು ಮರೆತಿದ್ದಾರೆಂದು ತಿಳಿದು ಇಂದಿಗೂ ಸವಾರರಿಗೆ ಕೈಸನ್ನೆ ಮಾಡುವವರಿದ್ದಾರೆ.

ಬೈಕಿನ ಹಿಂದೆ ಸಾಗುವ ಕಾರಿನವರು ಸವಾರನ ರಸ್ತೆ ತಮ್ಮ ರಸ್ತೆಯಂತಿಲ್ಲ ಎಂಬುದನ್ನು ಅರಿಯಬೇಕು. ಕಾರಿನ ಚಕ್ರಕ್ಕೆ ಒಂದು ಕುಲುಕಾಟವಷ್ಟೇ ಆಗುವ ಗುಂಡಿ, ಚದುರಿದ ಜಲ್ಲಿ, ನುಣುಪಾದ ಮ್ಯಾನ್‌ಹೋಲ್ ಮುಚ್ಚಳ, ಇವೆಲ್ಲವೂ ಎರಡೇ ಚಕ್ರಗಳ ಮೇಲೆ ಸಮತೋಲ ಕಾಯುವವನನ್ನು ಕೆಡವಬಲ್ಲವು. ಆದ್ದರಿಂದ ಆತ ಹಠಾತ್ತನೆ ಪಕ್ಕಕ್ಕೆ ಸರಿಯುವುದನ್ನು ಅಶಿಸ್ತೆಂದು ಬಗೆಯುವುದು ಹಲವು ಸಲ ಅನ್ಯಾಯವೇ ಆಗುತ್ತದೆ. ಇದಲ್ಲದೆ, ಬ್ರೇಕ್ ಒತ್ತದೆ ಆಕ್ಸಿಲರೇಟರ್ ಇಳಿಸಿ ಅಥವಾ ಗೇರ್ ತಗ್ಗಿಸಿಯೇ ಬೈಕನ್ನು ನಿಧಾನಗೊಳಿಸಬಹುದಾಗಿದ್ದು, ಆಗ ಹಿಂದಿನ ಕೆಂಪು ದೀಪ ಹೊತ್ತುವುದೇ ಇಲ್ಲ. ಮುಂದಿನ ಬೈಕು ದಾಟಿದ ಕಂಬವನ್ನು ಕಾರು ಮುಟ್ಟಲು ಕನಿಷ್ಠ ಮೂರು ಸೆಕೆಂಡು ಹಿಡಿಯುವಷ್ಟು ಅಂತರವಿದ್ದರೆ ಈ ಎರಡೂ ಸಂದರ್ಭಗಳಲ್ಲಿ ಸವಾರ ಬದುಕುಳಿಯಲು ಅವಕಾಶವಿರುತ್ತದೆ. ಹಲವು ಬೈಕುಗಳ ಇಂಡಿಕೇಟರ್ ತಿರುವಿನ ನಂತರ ತಾನಾಗಿ ಆರುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ನಂಬುವಂತಿಲ್ಲ.

ನಿಂತ ಕಾರಿನ ಬಾಗಿಲು ಹಠಾತ್ತನೆ ತೆರೆದು ಹಿಂದಿನಿಂದ ಬರುವ ಬೈಕಿಗೆ ಅಡ್ಡವಾಗುವ ಅಪಾಯವೂ ಕಡಿಮೆಯದಲ್ಲ. ಚಾಲಕ ತನ್ನ ಪಕ್ಕದ ಬಾಗಿಲನ್ನು ಬಲಗೈಯಿಂದ ತೆರೆಯದೆ ಎಡಗೈ ಚಾಚಿ ತೆರೆದರೆ ಮೈ ತಾನಾಗಿ ಬಲಕ್ಕೆ ಹೊರಳಿ ದೃಷ್ಟಿ ಕನ್ನಡಿಯತ್ತಲೂ ಹಿಂದಿನ ರಸ್ತೆಯತ್ತಲೂ ಹೋಗುತ್ತದೆ. ನೆದರ್ಲೆಂಡ್ಸ್‌ನ ಸೈಕಲ್ ಸಂಸ್ಕೃತಿಯೊಂದಿಗೆ ಬೆಸೆದುಕೊಂಡಿರುವ ಈ ಅಭ್ಯಾಸ ನಮ್ಮ ಡ್ರೈವಿಂಗ್ ಶಾಲೆಗಳ ಮೊದಲ ಪಾಠಗಳಲ್ಲೇ ಸೇರಬೇಕಾದದ್ದು. ಸಿಗ್ನಲ್‌ನಲ್ಲಿ ಕಾರು ನಿಂತಾಗ ಎಡಗಡೆಯಿಂದಲೂ ಬೈಕುಗಳು ನುಸುಳಿ ಬರುವುದರಿಂದ, ಅಲ್ಲೇ ಇಳಿಯಲು ಹೊರಟ ಹಿಂದಿನ ಸೀಟಿನವರನ್ನು ಚಾಲಕನೇ ತಡೆಯಬೇಕಾಗುತ್ತದೆ.

ಮಳೆಗಾಲದಲ್ಲಿ ಸವಾರನ ಹೆಲ್ಮೆಟ್ ಗಾಜಿನ ಮೇಲೆ ನೀರು ಹರಿದು, ಒಳಗೆ ಉಸಿರಿನ ಹಬೆ ಕಟ್ಟಿ ಎದುರಿನದು ಮಸುಕಾಗುತ್ತದೆ. ಅಂಥವನ ಮುಖಕ್ಕೆ ಹೈಬೀಮ್ ಬೆಳಕು ಬಿದ್ದರೆ ಅಥವಾ ವೇಗವಾಗಿ ಹಾಯುವ ಕಾರು ಗುಂಡಿಯ ಕೆಸರುನೀರನ್ನು ರಾಚಿದರೆ ಕ್ಷಣಕಾಲ ಅವನಿಗೆ ಏನೂ ಕಾಣದು. ಮಳೆ ಜೋರಾದಾಗ ಫ್ಲೈಓವರ್ ಮತ್ತು ಕೆಳಸೇತುವೆಗಳ ಅಡಿಯಲ್ಲಿ ಹತ್ತಾರು ಬೈಕುಗಳು ಆಸರೆ ಪಡೆದು ರಸ್ತೆಯ ಒಂದು ಬದಿಯೇ ತುಂಬಿಹೋಗುವುದುಂಟು. ಬಯಲಿನ ಬೆಳಕಿನಿಂದ ಆ ನೆರಳಿಗೆ ನುಗ್ಗುವ ಚಾಲಕನ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುವುದರಿಂದ ವೇಗವನ್ನು ಒಳಗೆ ಹೋದ ಮೇಲಲ್ಲ, ಹೊರಗಿರುವಾಗಲೇ ತಗ್ಗಿಸಿಕೊಳ್ಳಬೇಕು.